ನೊಬೆಲ್ ಪಂಕ್ತಿಯಲ್ಲಿ ಒಂದು ರಾತ್ರಿ

ಡಿಸೆಂಬರ್ 10ರಂದು ಸ್ಟಾಕ್‌ಹೋಮಿನಲ್ಲಿ ಮಧ್ಯಾಹ್ನ ಮೂರು ಹೊಡೆಯುವ ಮೊದಲೇ ಸೂರ್ಯ ಮುಳುಗುತ್ತಾನೆ. 1896ರಲ್ಲಿ ಆಲ್‌ಫ್ರೆಡ್ ನೊಬೆಲ್ ಇಟಲಿಯ ಸಾನ್ ರೆಮೋದಲ್ಲಿ ತೀರಿಕೊಂಡದ್ದು ಇದೇ ದಿನ. ಹಾಗಾಗಿ ಬಹುಮಾನ ಪ್ರದಾನವೂ ಅದರ ಬೆನ್ನಿಗೇ ಬರುವ ಔತಣವೂ ಈ ಕತ್ತಲ ದಿನಗಳಲ್ಲೇ ನಡೆಯುತ್ತವೆ. ಆ ಔತಣದಲ್ಲಿ ಸ್ವೀಡನ್ನಿನ ವಿದ್ಯಾರ್ಥಿಗಳಿಗೆಂದು ಒಂದಿಷ್ಟು ಕುರ್ಚಿಗಳು ಮೀಸಲು, ಲಾಟರಿ ಎತ್ತಿ ಹಂಚುತ್ತಾರೆ. ಉಪ್ಸಾಲಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ನನ್ನ ಹೆಸರೂ ಆ ವರ್ಷ ಎದ್ದುಬಂತು.

ಉಡುಪಿನ ವಿಷಯದಲ್ಲಿ ಆಮಂತ್ರಣದಲ್ಲಿ ಎರಡು ಮಾತಿಲ್ಲ. ಗಂಡಸರಿಗೆ ವೈಟ್ ಟೈ, ಹೆಂಗಸರಿಗೆ ನೆಲ ಮುಟ್ಟುವ ಗೌನು, ಇಲ್ಲವೇ ಅವರವರ ನಾಡಿನ ಸಾಂಪ್ರದಾಯಿಕ ಉಡುಗೆ. 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಪಂಚೆ ಉಟ್ಟು, ಎಸ್ತರ್ ಡುಫ್ಲೊ ನೀಲಿ ಸೀರೆ ಉಟ್ಟು ಬಹುಮಾನ ತೆಗೆದುಕೊಂಡದ್ದನ್ನು ಬಹಳ ಮಂದಿ ನೋಡಿರುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಅವ್ವ ಕೊಟ್ಟ ಇಳಕಲ್ ಸೀರೆ ಇತ್ತು, ಕೆಂಪು ಸೆರಗಿನ ಮೇಲೆ ಬಿಳಿ ಗೋಪುರಗಳ ಸಾಲು. ಧಾರವಾಡದಿಂದ ಫೋನು ಮಾಡಿದ ಅವ್ವ, “ನಿರಿಗಿ ಸ್ವಲ್ಪ ಮ್ಯಾಲೆ ಹಿಡಿ, ಮೆಟ್ಲ ಇಳಿಯೂಮುಂದ ಕಾಲಿಗೆ ಸಿಗಬಾರ್ದು” ಅಂದಳು. ಆ ಮೆಟ್ಟಿಲುಗಳಿಗೂ ಹೆಂಗಸರ ಉದ್ದನೆಯ ಉಡುಗೆಗೂ ಎಂಥ ನಂಟಿದೆ ಎಂಬುದು ಆಗ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಉಪ್ಸಾಲಾದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲ. ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದು ನೀರಿನ ಬದಿಗೆ ಬಂದರೆ ಮೆಲಾರೆನ್ ಸರೋವರದ ಅಂಚಿನಲ್ಲಿ, ಔತಣ ನಡೆಯುವ ನಗರಸಭೆಯ ಕೆಂಪು ಕಟ್ಟಡ ಕಾಣುತ್ತದೆ. 106 ಮೀಟರ್ ಎತ್ತರದ ಗೋಪುರ, ಅದರ ತುದಿಯಲ್ಲಿ ಮೂರು ಚಿನ್ನದ ಕಿರೀಟ. ಅಂಗಳದ ಉದ್ದಕ್ಕೂ ನೆಲದ ಮೇಲೆ ಪಂಜು ಹಚ್ಚಿಟ್ಟಿದ್ದರು. ದಪ್ಪ ಓವರ್‌ಕೋಟುಗಳ ಕೆಳಗಿನಿಂದ ಕರಿ ಬಾಲಗಳೂ ಬಣ್ಣಬಣ್ಣದ ರೇಷ್ಮೆಯ ಅಂಚುಗಳೂ ಇಣುಕುತ್ತಿದ್ದವು. ಕೋಟು ತೆಗೆದುಕೊಟ್ಟು ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟೆ.

ಇದಕ್ಕೆ ನೀಲಿ ಸಭಾಂಗಣವೆಂದು ಹೆಸರು. ಆದರೆ ಗೋಡೆಗಳೆಲ್ಲ ಕೆಂಪು ಇಟ್ಟಿಗೆ. ವಾಸ್ತುಶಿಲ್ಪಿ ರಾಗ್ನಾರ್ ಓಸ್ಟ್‌ಬೆರ್ಗ್ ಮೊದಲು ನೀಲಿ ಬಳಿಸಬೇಕೆಂದಿದ್ದರಂತೆ. ಎದ್ದು ನಿಂತ ಇಟ್ಟಿಗೆಯ ಚೆಲುವು ನೋಡಿದ ಮೇಲೆ ಅದನ್ನು ಮುಚ್ಚಲು ಮನಸ್ಸು ಬರಲಿಲ್ಲ, ಇಟ್ಟಿಗೆಗಳ ಮುಖವನ್ನು ಕೈಯಿಂದಲೇ ಕೆತ್ತಿಸಿ ಒರಟು ಮಾಡಿಸಿ ಹಾಗೇ ಬಿಟ್ಟರು. 1923ರಲ್ಲಿ ಕಟ್ಟಡ ತೆರೆಯುವ ಹೊತ್ತಿಗೆ ಹೆಸರು ಮಾತ್ರ ಅಂಟಿಕೊಂಡಿತ್ತು. ಐವತ್ತು ಮೀಟರ್ ಉದ್ದ, ಮೂವತ್ತು ಅಗಲ, ಇಪ್ಪತ್ತೆರಡು ಎತ್ತರ. ಗೋಡೆಯ ಮೇಲೆ ಬೆರಳಾಡಿಸಿದೆ. ಪ್ರತಿ ಇಟ್ಟಿಗೆಗೂ ಉಳಿಯ ಬೇರೆ ಬೇರೆ ಗುರುತು, ಒಂದರ ಹಾಗೆ ಇನ್ನೊಂದಿಲ್ಲ.

ಮೇಲಂತಸ್ತಿನಿಂದ ಇಳಿಯುವ ಅಗಲವಾದ ಮೆಟ್ಟಿಲುಗಳ ಕತೆಯನ್ನು ಇಲ್ಲಿನ ಗೈಡುಗಳು ತಪ್ಪದೆ ಹೇಳುತ್ತಾರೆ. ಎಷ್ಟು ಎತ್ತರದ, ಎಷ್ಟು ಅಗಲದ ಮೆಟ್ಟಿಲು ಸರಿ ಎಂದು ನೋಡಲು ಓಸ್ಟ್‌ಬೆರ್ಗ್ ತಮ್ಮ ಹೆಂಡತಿಗೆ ಉದ್ದನೆಯ ಗೌನು ತೊಡಿಸಿ ಮತ್ತೆ ಮತ್ತೆ ಹತ್ತಿಸಿ ಇಳಿಸಿದರಂತೆ. ಇಳಿಯುವವರು ಪಾದ ನೋಡಿಕೊಳ್ಳದೆ ತಲೆ ಎತ್ತಿಯೇ ಇಳಿಯಲೆಂದು ಎದುರಿನ ಗೋಡೆಯಲ್ಲಿ ನಕ್ಷತ್ರದ ಗುರುತೊಂದನ್ನೂ ಇಟ್ಟಿದ್ದಾರೆ. ನಾನೂ ಹತ್ತಿ, ಆ ನಕ್ಷತ್ರದ ಮೇಲೆ ಕಣ್ಣಿಟ್ಟು ಇಳಿದೆ. ನಿರಿಗೆ ಒಂದು ಸಲವೂ ಕಾಲಿಗೆ ಸಿಗಲಿಲ್ಲ. ನೂರು ವರ್ಷದ ಹಿಂದೆ ಯಾರೋ ನನ್ನಂಥ ಅತಿಥಿಯ ಪಾದವನ್ನು ಕುರಿತು ಇಷ್ಟು ಯೋಚಿಸಿದ್ದರಲ್ಲ ಎಂದು ಮನಸ್ಸು ತುಂಬಿ ಬಂತು. ಶಿಷ್ಟಾಚಾರವೆಂದರೆ ಬಿಗುಮಾನ ಎಂದುಕೊಂಡು ಬಂದವಳಿಗೆ ಅದರ ಒಳಗಿನ ಅಕ್ಕರೆ ಅಲ್ಲಿಂದ ಕಾಣತೊಡಗಿತು.

ಯಾರು ಯಾವ ಮೇಜಿನಲ್ಲಿ ಎಂಬುದು ಕೈಗೆ ಕೊಟ್ಟ ಪುಸ್ತಿಕೆಯಲ್ಲಿತ್ತು. 1901ರಲ್ಲಿ ಗ್ರಾಂಡ್ ಹೋಟೆಲಿನಲ್ಲಿ ನಡೆದ ಮೊದಲ ಔತಣಕ್ಕೆ ಬಂದವರು 113 ಜನ, ಈಗ ಸುಮಾರು 1,300. ಒಬ್ಬೊಬ್ಬರಿಗೆ ಮೇಜಿನ ಅಂಚಿನಲ್ಲಿ 60 ಸೆಂಟಿಮೀಟರ್ ಜಾಗ, ನಡುವಿನ ಗೌರವದ ಮೇಜಿನಲ್ಲಿ ಮಾತ್ರ 70. ತಟ್ಟೆ, ಲೋಟ, ಚಮಚಗಳು 1991ರಲ್ಲಿ ಬಹುಮಾನಕ್ಕೆ ತೊಂಬತ್ತು ತುಂಬಿದಾಗ ಈ ಊಟಕ್ಕೆಂದೇ ಮಾಡಿಸಿದವು. ಪಿಂಗಾಣಿ ಕಾರಿನ್ ಬ್ಯೋರ್ಕ್‌ವಿಸ್ಟ್ ಅವರದು, ಗಾಜು ಗುನ್ನಾರ್ ಸಿರೇನ್ ಅವರದು. ಲೋಟದ ಚಿನ್ನದ ಕಾಂಡ ಮೇಣದ ಬತ್ತಿಯ ಬೆಳಕಿಗೆ ಮಿಂಚುತ್ತಿತ್ತು. ಎಲ್ಲೆಲ್ಲೂ ಹೂವು.

ನನ್ನ ಎಡಕ್ಕೆ ಕುಳಿತವನು ವೈದ್ಯಕೀಯ ಓದುತ್ತಿದ್ದ ಹುಡುಗ. ಅವನು ತೊಟ್ಟದ್ದು ತನ್ನ ಅಜ್ಜನ ಫ್ರಾಕ್, ಎಂದರೆ ಬಾಲದ ಕೋಟು. ನಾನು ಕೇಳಿದ್ದೇ ತಡ, ಒಂದೊಂದಾಗಿ ತೋರಿಸಿದ. ಮುಂದೆ ಸೊಂಟಕ್ಕೇ ನಿಲ್ಲುವ ಕೋಟು ಹಿಂದೆ ಮೊಣಕಾಲಿನವರೆಗೆ ಇಳಿಯುತ್ತದೆ, ಅದಕ್ಕೆ ಗುಂಡಿ ಹಾಕುವ ಪದ್ಧತಿಯೇ ಇಲ್ಲ. ಒಳಗಿನ ಬಿಳಿ ವೇಸ್ಟ್‌ಕೋಟು ಕೋಟಿನ ಅಂಚಿಗಿಂತ ಒಂದೆಳೆಯೂ ಕೆಳಗೆ ಕಾಣಬಾರದು. ಅಂಗಿಯ ಎದೆಗೆ ಗಂಜಿ ಹಾಕಿ ಹಲಗೆಯಂತೆ ಸೆಟೆಸಿರುತ್ತಾರೆ, ಕಾಲರಿನ ಎರಡು ತುದಿಗಳು ಹೊರಕ್ಕೆ ಬಾಗಿರುತ್ತವೆ. ಬಿಳಿ ಬೋ ಕಟ್ಟಿದ್ದನ್ನು ಕೊಳ್ಳುವಂತಿಲ್ಲ, ಕನ್ನಡಿಯ ಮುಂದೆ ನಿಂತು ಕಟ್ಟಿಕೊಳ್ಳಬೇಕು. ಕೊನೆಗೆ ಕೋಟಿನ ಒಳಜೇಬನ್ನು ಸ್ವಲ್ಪ ಹೊರಕ್ಕೆ ಮಗುಚಿದ. ಅಲ್ಲಿ ದರ್ಜಿ ಹೊಲಿದ ಬಟ್ಟೆಚೀಟಿಯ ಮೇಲೆ ಅಜ್ಜನ ಹೆಸರೂ 1958 ಎಂಬ ಇಸವಿಯೂ ಮಸಿಯಲ್ಲಿ ಬರೆದಿದ್ದವು, ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ನನ್ನ ಸೆರಗನ್ನು ತೋರಿಸಿ “ಇದು ಎಷ್ಟು ವರ್ಷದ್ದು?” ಎಂದು ಕೇಳಿದ. ಅವ್ವನ ಮದುವೆಯದು ಎಂದೆ. ಸೆರಗನ್ನೂ ಒಡಲನ್ನೂ ಕೊಂಡಿ ಹಾಕಿ ಕೂಡಿಸಿದ ಸಾಲನ್ನು ಅವನು ಬಗ್ಗಿ ನೋಡಿದ.

ಸಂಜೆ ಏಳಕ್ಕೆ ಆರ್ಗನ್ ಮೊಳಗಿತು. ಹತ್ತು ಸಾವಿರಕ್ಕೂ ಹೆಚ್ಚು ಕೊಳವೆಗಳ ವಾದ್ಯ ಅದು. ಇಟ್ಟಿಗೆ, ಮೇಜು, ನಮ್ಮ ಎದೆಗೂಡು ಎಲ್ಲವೂ ಒಟ್ಟಿಗೆ ನಡುಗಿದವು. ಎಲ್ಲರೂ ಎದ್ದು ನಿಂತೆವು. ಆ ಮೆಟ್ಟಿಲುಗಳ ಮೇಲಿಂದ ಜೋಡಿಜೋಡಿಯಾಗಿ ರಾಜ ಕಾರ್ಲ್ ಗುಸ್ತಾಫ್, ರಾಣಿ ಸಿಲ್ವಿಯಾ, ಬಹುಮಾನಿತರು, ಅವರ ಮನೆಯವರು ಇಳಿದು ಬಂದರು. ರಾಜನ ಎದೆಯ ಮೇಲೆ ಪದಕಗಳಿದ್ದವು, ಅಷ್ಟೇ. ಉಳಿದಂತೆ ರಾಜನದೂ ರಸಾಯನಶಾಸ್ತ್ರಜ್ಞನದೂ ನನ್ನ ಪಕ್ಕದ ಹುಡುಗನದೂ ಒಂದೇ ಕರಿ ಕೋಟು, ಒಂದೇ ಬಿಳಿ ಬೋ. ನೊಬೆಲ್ ಪ್ರತಿಷ್ಠಾನದ ಅಧ್ಯಕ್ಷರು ಮೊದಲು ರಾಜನ ಹೆಸರಿನಲ್ಲಿ ಲೋಟ ಎತ್ತಿದರು. ಆಮೇಲೆ ರಾಜ ಎದ್ದು ಆಲ್‌ಫ್ರೆಡ್ ನೊಬೆಲ್ ನೆನಪಿಗೆ ಎತ್ತಿದರು. ಆಗ ಅಷ್ಟು ದೊಡ್ಡ ಸಭೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

ಏನೇನು ಬಡಿಸುತ್ತಾರೆಂಬುದು ಆ ಗಳಿಗೆಯವರೆಗೂ ಗುಟ್ಟು. ಮೂರೇ ಬಗೆ, ಆದರೆ ತಿಂಗಳುಗಟ್ಟಲೆ ರುಚಿ ನೋಡಿ ಆರಿಸಿದ್ದು. ಸಸ್ಯಾಹಾರಿ ಎಂದು ಮುಂಚೆಯೇ ತಿಳಿಸಿದ್ದರಿಂದ ನನ್ನ ತಟ್ಟೆ ಬೇರೆಯಾಗಿ, ಅಷ್ಟೇ ಅಂದವಾಗಿ ಬಂತು. ಬಡಿಸುವವರು ಸಾಲಾಗಿ ಇಳಿದು ಬಂದು, ತಮ್ಮ ತಮ್ಮ ಮೇಜಿನ ಬಳಿ ನಿಂತು, ಒಂದು ಸನ್ನೆಗೆ ಒಟ್ಟಿಗೇ ತಟ್ಟೆ ಇಟ್ಟರು. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಪಂಕ್ತಿಯಲ್ಲಿ ಬೆಳೆದ ನನಗೆ ಆ ಶಿಸ್ತು ಕಂಡು ಮನೆಗೆ ಬಂದಂತಾಯಿತು: ಎಷ್ಟೇ ಜನ ಕೂತಿರಲಿ, ಯಾರೂ ಕಾಯಬಾರದು ಎಂಬ ಅದೇ ಕಾಳಜಿ. ಸಿಹಿಯ ಹೊತ್ತಿಗಂತೂ ದೀಪ ತಗ್ಗಿಸಿ, ಸಂಗೀತದೊಂದಿಗೆ, ತಲೆಯೆತ್ತರಕ್ಕೆ ತಟ್ಟೆ ಹಿಡಿದ ಮೆರವಣಿಗೆಯೇ ಮೆಟ್ಟಿಲಿಳಿದು ಬಂತು. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಬಿಳಿ ಟೋಪಿಯ ವಿದ್ಯಾರ್ಥಿಗಳು ಬಾವುಟ ಹಿಡಿದು ಮೆಟ್ಟಿಲ ಮೇಲೆ ನಿಂತರು. ಬಹುಮಾನಿತರನ್ನು ಮಾತಿಗೆ ಕರೆಯುವುದೂ ವಿದ್ಯಾರ್ಥಿಗಳೇ. ಮಾತುಗಳು ಚಿಕ್ಕವು. ಗುರುಗಳನ್ನು ನೆನೆದರು, ಪ್ರಯೋಗಾಲಯದ ಜೊತೆಗಾರರನ್ನು ನೆನೆದರು. ಕೇಳುತ್ತಿದ್ದಂತೆ ನನಗೆ ಸಿ.ವಿ. ರಾಮನ್ ನೆನಪಾದರು. 1930ರಲ್ಲಿ ಅವರು ಪೇಟ ಸುತ್ತಿಕೊಂಡು ಇದೇ ಊರಿಗೆ ಬಂದಿದ್ದರು. 1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು, 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಅವರ ಅಂತ್ಯಸಂಸ್ಕಾರವಾದದ್ದೂ ಆ ಸಂಸ್ಥೆಯ ತೋಟದಲ್ಲೇ, ಆ ಜಾಗದಲ್ಲೀಗ ಮರವೊಂದಿದೆ. ಎಂಎಸ್ಸಿ ಓದುವಾಗ ಆ ಮರದ ಕೆಳಗೆ ನಿಂತಿದ್ದೆ. ಒಂದು ನಾಡು ತನ್ನ ಪೆಟ್ಟಿಗೆಯ ಅತಿ ಒಳ್ಳೆಯ ಬಟ್ಟೆಯನ್ನು ಹೊರತೆಗೆದು, ಇಸ್ತ್ರಿ ಮಾಡಿ, ಬೆಳಕು ಚೆದರುವ ಬಗೆಯನ್ನು ಕಂಡುಹಿಡಿದವನಿಗಾಗಿ ತೊಟ್ಟುಕೊಳ್ಳುತ್ತದೆ ಎಂದರೆ, ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ನಾನು ಎಲ್ಲೂ ಕಂಡಿಲ್ಲ.

ಊಟ ಮುಗಿದು ಮೇಲಿನ ಚಿನ್ನದ ಸಭಾಂಗಣಕ್ಕೆ ಹತ್ತಿದೆವು. ಐನಾರ್ ಫೋರ್ಸೆತ್ ಎಂಬ ಕಲಾವಿದರ ವಿನ್ಯಾಸ, ಗೋಡೆಯ ತುಂಬ 1.8 ಕೋಟಿಗೂ ಮೀರಿ ಚಿನ್ನದ, ಗಾಜಿನ ಚೂರುಗಳು. ಕೊನೆಯ ಗೋಡೆಯಲ್ಲಿ ಮೆಲಾರೆನ್ ರಾಣಿ ಕುಳಿತಿದ್ದಾಳೆ, ಅಗಲಿಸಿದ ಕಣ್ಣು, ಹಾವಿನ ಹಾಗೆ ಹರಡಿದ ಕೂದಲು. ಅವಳ ಮುಂದೆ ವಾದ್ಯ ಶುರುವಾಗಿ ಜನ ಕುಣಿಯತೊಡಗಿದರು. ಕುಣಿಯುವವರ ಬಣ್ಣಗಳೆಲ್ಲ ಗೋಡೆಯ ಚಿನ್ನದಲ್ಲಿ ಮೂಡಿ ಮೂಡಿ ಅಳಿಯುತ್ತಿದ್ದವು. ಆ ಹುಡುಗ ಹೆಜ್ಜೆ ಹೇಳಿಕೊಟ್ಟ. ಸೀರೆಯಲ್ಲೂ ವಾಲ್ಟ್ಜ್ ಚೆನ್ನಾಗಿಯೇ ಬರುತ್ತದೆ.

ನಡುರಾತ್ರಿ ದಾಟಿದ ಮೇಲೆ ವಿದ್ಯಾರ್ಥಿಗಳದೇ ಇನ್ನೊಂದು ಕೂಟ. ಸ್ಟಾಕ್‌ಹೋಮಿನ ನಾಲ್ಕು ವಿದ್ಯಾರ್ಥಿ ಸಂಘಗಳು ಸರದಿಯ ಮೇಲೆ ಅದನ್ನು ನಡೆಸುತ್ತವೆ, ಬಹುಮಾನಿತರೂ ಅಲ್ಲಿಗೆ ಬರುತ್ತಾರೆ. ಭೌತಶಾಸ್ತ್ರದವರೊಬ್ಬರ ಸುತ್ತ ಆಗಲೇ ಗುಂಪು ಕಟ್ಟಿತ್ತು. ಅವರ ಬಿಳಿ ಬೋ ಸಡಿಲವಾಗಿತ್ತು, ಕೈಗಳು ಗಾಳಿಯಲ್ಲಿ ಉಪಕರಣವೊಂದನ್ನು ಕಟ್ಟಿ ತೋರಿಸುತ್ತಿದ್ದವು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ಮುಂದೆ ಹೋಗಿ, ಮೊದಲ ಅಳತೆಯಲ್ಲಿ ಗದ್ದಲವನ್ನು ಹೇಗೆ ಬೇರ್ಪಡಿಸಿದಿರಿ ಎಂದು ಕೇಳಿದೆ. “ಒಳ್ಳೆಯ ಪ್ರಶ್ನೆ, ಕೂತು ಮಾತಾಡೋಣ” ಎಂದು ಕುರ್ಚಿ ಎಳೆದುಕೊಂಡರು.