ರಕ್ತದಲ್ಲಿ ಸಿಕ್ಕಿದ್ದು ಆಮ್ಲ

ಬ್ರೂಕ್ಲಿನ್, 2016ರ ಜುಲೈ 12, ಮಂಗಳವಾರ ಬೆಳಿಗ್ಗೆ. ಮರ್ಟಲ್ ಅವೆನ್ಯೂ ಬ್ರಾಡ್‌ವೇಗೆ ಕೂಡುವ ಜಾಗದಲ್ಲಿ ನಿಂತಿದ್ದೀರಿ. ತಲೆಯ ಮೇಲೆ ಕಬ್ಬಿಣದ ಕಂಬಗಳ ಮೇಲಿನ ಹಳಿಯಲ್ಲಿ ರೈಲು ಗಡಗಡಿಸುತ್ತದೆ. ಫುಟ್‌ಪಾತಿನಲ್ಲಿ ಒಬ್ಬ ಬಾಗಿ ನಿಂತಿದ್ದಾನೆ. ಕಣ್ಣು ತೆರೆದಿದೆ, ನೋಟವಿಲ್ಲ. ಕೈಕಾಲು ತಮ್ಮಷ್ಟಕ್ಕೆ ನಿಧಾನವಾಗಿ ಆಡುತ್ತಿವೆ. ಕೂಗಿದರೆ ನರಳುತ್ತಾನೆ, ಅಷ್ಟೆ. ಆಚೆ ಇನ್ನೊಬ್ಬ, ಅವನಾಚೆ ಮತ್ತೊಬ್ಬ; ಒಟ್ಟು 33 ಜನ. ಪತ್ರಿಕೆಗಳು ಇವರನ್ನು ‘ಜಾಂಬಿ’ಗಳೆಂದು ಬರೆದವು. ನನಗೆ ಆ ಮಾತು ಹಿಡಿಸದು.

ಅವರು ಸೇದಿದ್ದು ಗಾಂಜಾ ಅಲ್ಲ, ಎಎಂಬಿ-ಫುಬಿನಾಕಾ ಎಂಬ, ಗಾಂಜಾದಂತೆ ಕೆಲಸ ಮಾಡುವ ಕೃತಕ ಕ್ಯಾನಬಿನಾಯ್ಡ್ ಬೆರೆಸಿದ ಒಣಸೊಪ್ಪು. ಪ್ರಯೋಗಾಲಯದ ಅಳತೆಯಲ್ಲಿ ಅದು ಗಾಂಜಾದಲ್ಲಿ ಮತ್ತೇರಿಸುವ ಟಿಎಚ್‌ಸಿಗಿಂತ ಸುಮಾರು 85 ಪಟ್ಟು ಪ್ರಬಲ.

ಒಂದು ದಮ್ಮಿನ ಬೆನ್ನು ಹಿಡಿಯೋಣ. ಹೊಗೆ ಶ್ವಾಸಕೋಶದ ತೆಳುಪೊರೆ ದಾಟಿ ರಕ್ತಕ್ಕಿಳಿಯುತ್ತದೆ. ಹೃದಯದ ಎಡಭಾಗಕ್ಕೆ ಬಂದು ಅಲ್ಲಿಂದ ನೇರ ಮಿದುಳಿಗೆ. ನಡುವೆ ಲಿವರ್‌ನ ತಪಾಸಣೆಯೇ ಇಲ್ಲ. ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಮಿದುಳಿನ ಕಾವಲುಪೊರೆಯೂ ತಡೆಯದು. ಒಳಗೆ ಇಂಥ ವಸ್ತುಗಳು ಬಂದು ಕೂರುವ ಸಿಬಿ-1 ರಿಸೆಪ್ಟರ್‌ಗಳು ದಟ್ಟವಾಗಿರುವುದು ಚಲನೆಯನ್ನು ಹದದಲ್ಲಿಡುವ ಕೇಂದ್ರಗಳಲ್ಲಿ, ನೆನಪಿನ ಭಾಗದಲ್ಲಿ. ಟಿಎಚ್‌ಸಿ ಅವನ್ನು ಅರ್ಧಂಬರ್ಧ ಕೆರಳಿಸಿ ಸುಮ್ಮನಾಗುತ್ತದೆ. ಎಎಂಬಿ-ಫುಬಿನಾಕಾ ಪೂರ್ತಿ ಕೆರಳಿಸುತ್ತದೆ. ಆ ಮನುಷ್ಯನ ಕೈಗಳು ಹಾಗೇಕೆ ಆಡುತ್ತಿವೆಯೆಂದು ಈಗ ಊಹಿಸಬಹುದು.

ಅಷ್ಟರಲ್ಲಿ ರಕ್ತ ಸುತ್ತುತ್ತಲೇ ಇದೆ. ಆ ವಸ್ತುವಿನ ಒಂದು ಪಾಲು ಕೊಬ್ಬಿನ ಅಂಗಾಂಶಕ್ಕೆ ಸರಿದರೆ, ಇನ್ನೊಂದು ಲಿವರ್ ಮುಟ್ಟುತ್ತದೆ. ಅಲ್ಲಿ ಕಾರ್ಬಾಕ್ಸಿಲೆಸ್ಟರೇಸ್-1 ಎಂಬ ಕಿಣ್ವ ಅಣುವಿನ ತುದಿಯ ಮೀಥೈಲ್ ಎಸ್ಟರ್ ಕೊಂಡಿಯನ್ನು ನೀರು ಸೇರಿಸಿ ಕತ್ತರಿಸುತ್ತದೆ. ಉಳಿಯುವುದು ಒಂದು ಆಮ್ಲ. ಮೂಲ ವಸ್ತುವಿನ ಕಸುವು ಅದಕ್ಕಿಲ್ಲ. ಎಲ್ಲ ಕೃತಕ ಕ್ಯಾನಬಿನಾಯ್ಡ್‌ಗಳ ಕಥೆಯೂ ಇಷ್ಟು ಸಲೀಸಲ್ಲ. ಜಾನ್ ಹಫ್‌ಮನ್ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆಂದು ತಯಾರಿಸಿದ್ದ ಜೆಡಬ್ಲ್ಯೂಎಚ್-018ಕ್ಕೆ ಲಿವರ್ ಆಮ್ಲಜನಕ ಅಂಟಿಸಿ ಕಳಿಸಿದರೂ, ಹಾಗೆ ಹುಟ್ಟಿದ ಕೆಲವು ತುಣುಕುಗಳು ಮತ್ತೆ ಅದೇ ರಿಸೆಪ್ಟರ್‌ಗೆ ಹೋಗಿ ಕೂರುತ್ತವೆ.

ಆಸ್ಪತ್ರೆಯಲ್ಲಿ ಮಾಮೂಲಿ ಮೂತ್ರ ಪರೀಕ್ಷೆ ಮಾಡಿದರೆ ಏನೂ ಕಾಣದು. ಅದು ಹುಡುಕುವುದು ಟಿಎಚ್‌ಸಿಯ ಅವಶೇಷವನ್ನು. ಹಾಗಾಗಿ ಮಾದರಿಗಳು ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗಾಲಯಕ್ಕೆ ಹೋಗುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್‌ನ ಮುಂದೆ ನಿಂತು ನೋಡಿ: ಎಎಂಬಿ-ಫುಬಿನಾಕಾ ರಕ್ತದಲ್ಲಿ ಇಲ್ಲವೇ ಇಲ್ಲ. ಇರುವುದು ಅದರ ಆಮ್ಲ, ಪರೀಕ್ಷಿಸಿದ ಎಂಟೂ ಜನರಲ್ಲಿ, ಮಿಲಿಲೀಟರಿಗೆ 77ರಿಂದ 636 ನ್ಯಾನೋಗ್ರಾಂವರೆಗೆ.