ಭರ್ಚಿ ಹಿಡಿದವರ ಹೆಜ್ಜೆ

ಮಧ್ಯಯುಗದ ಕಾಳಗವನ್ನು ಹಲವರು ಒಟ್ಟಿಗೆ ಕೂಡಿ ಆಡುವ ಕಂಪ್ಯೂಟರ್ ಆಟಗಳಲ್ಲಿ ಉದ್ದ ಆಯುಧದ ಯೋಧನ ವಿದ್ಯೆಯೇ ಬೇರೆ. ಈ ಬಗೆಯ ಆಟಗಳಿಗೆ ದಾರಿ ಹಾಕಿಕೊಟ್ಟದ್ದು 2007ರ 'ಏಜ್ ಆಫ್ ಶಿವಲ್ರಿ'. ಅದನ್ನು ಮಾಡಿದವರೇ ಮುಂದೆ ಕೆನಡಾದ ಟೊರೊಂಟೊದಲ್ಲಿ ಟಾರ್ನ್ ಬ್ಯಾನರ್ ಎಂಬ ಸಂಸ್ಥೆ ಕಟ್ಟಿ 2012ರಲ್ಲಿ 'ಶಿವಲ್ರಿ: ಮೆಡೀವಲ್ ವಾರ್‌ಫೇರ್' ಹೊರತಂದರು. ಅದರಲ್ಲಿ ನಾಲ್ಕು ಬಗೆಯ ಯೋಧರಿದ್ದಾರೆ. ಬಿಲ್ಲುಗಾರ ದೂರದಿಂದ ಹೊಡೆಯುತ್ತಾನೆ, ಮ್ಯಾನ್ ಅಟ್ ಆರ್ಮ್ಸ್ ಹಗುರ ಮೈಯವನು, ನೈಟ್ ಭಾರಿ ಕವಚದವನು. ಇವರ ನಡುವೆ ನಿಲ್ಲುವವನು ವ್ಯಾನ್‌ಗಾರ್ಡ್. ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿ, ಈಟಿ, ಕೊಡಲಿಯೂ ಮೊನೆಯೂ ಕೂಡಿದ ಉದ್ದ ಹಿಡಿಯ ಹ್ಯಾಲ್ಬರ್ಡ್ ಅವನ ಆಯುಧಗಳು. 2021ರಲ್ಲಿ ಬಂದ ಆಟದ ಎರಡನೇ ಭಾಗದಲ್ಲಿ ಹ್ಯಾಲ್ಬರ್ಡಿನಂಥ ಉದ್ದ ಹಿಡಿಯ ಆಯುಧಗಳು ಕಾಲಾಳಿನ 'ಪೋಲ್‌ಮನ್' ಎಂಬ ಉಪವರ್ಗಕ್ಕೆ ಹೋದವು. ಹೆಸರು ಬದಲಾದರೂ ಕಲಿಯಬೇಕಾದ ವಿದ್ಯೆ ಬದಲಾಗಲಿಲ್ಲ.

ಉದ್ದ ಆಯುಧ ಕೈಗೆತ್ತಿಕೊಳ್ಳುವ ಹೊಸಬರೆಲ್ಲ ಮೊದಲು ನಂಬುವುದು ಒಂದೇ ಮಾತನ್ನು: ದೂರದಿಂದ ಹೊಡೆಯಬಹುದು, ಆದ್ದರಿಂದ ಗೆಲ್ಲಬಹುದು. ಆಟ ಈ ನಂಬಿಕೆಯನ್ನು ಬೇಗ ಮುರಿಯುತ್ತದೆ. ಪ್ರತಿ ಏಟಿಗೂ ಮೂರು ಹಂತಗಳಿವೆ. ಆಯುಧ ಎತ್ತುವುದು, ಬೀಸುವುದು, ಬೀಸಿದ ಮೇಲೆ ಮತ್ತೆ ಸಿದ್ಧವಾಗುವುದು. ಗಾಯ ಮಾಡುವುದು ನಡುವಿನ ಹಂತ ಮಾತ್ರ. ಉದ್ದ ಆಯುಧಗಳಲ್ಲಿ ಮೊದಲ ಹಂತವೂ ಕೊನೆಯ ಹಂತವೂ ಸಾಮಾನ್ಯವಾಗಿ ನಿಧಾನ. ಏಟು ಗಾಳಿಗೆ ಹೋದರೆ ದಮ್ಮೂ ಕರಗುತ್ತದೆ, ಮೈಯೂ ಬಯಲಾಗುತ್ತದೆ. ಆ ಅರೆಗಳಿಗೆಯಲ್ಲಿ ಗಿಡ್ಡ ಕತ್ತಿಯವನು ಒಳನುಗ್ಗಿದರೆ ಮಾರುದ್ದದ ಭರ್ಚಿ ಅಡ್ಡಗಟ್ಟುವ ಕೋಲಾಗಿಯೂ ಉಳಿಯುವುದಿಲ್ಲ. ಹೀಗಾಗಿ ಈ ವರ್ಗದ ನಿಜವಾದ ಬಲ ಇರುವುದು ಆಯುಧದ ಅಳತೆಯಲ್ಲಲ್ಲ, ಇಬ್ಬರ ನಡುವಿನ ಅಂತರದಲ್ಲಿ. ಆ ಅಂತರವನ್ನು ಕಾಯುವುದು ಕಾಲು.

ಇದು ಆಟ ಮಾಡಿದವರು ಹೊಸದಾಗಿ ಕಂಡುಕೊಂಡ ಸತ್ಯವೇನೂ ಅಲ್ಲ. ಇಂಗ್ಲೆಂಡಿನ ಜಾರ್ಜ್ ಸಿಲ್ವರ್ 1599ರಲ್ಲಿ ಅಚ್ಚಾದ ತನ್ನ ಕತ್ತಿವರಸೆಯ ಪುಸ್ತಕದಲ್ಲಿ ಆಯುಧಗಳ ಸರಿಯಾದ ಉದ್ದದ ಬಗ್ಗೆ ದೊಡ್ಡ ವಾದವನ್ನೇ ಹೂಡಿದ್ದಾನೆ. ಕಾಲೆತ್ತಿ ಮುಂದಿಡದೆ ಎದುರಾಳಿ ತನ್ನನ್ನು ಮುಟ್ಟಲಾಗದಷ್ಟು ದೂರದಲ್ಲಿರಬೇಕು ಎನ್ನುವುದು ಅವನ ಉಪದೇಶದ ತಿರುಳು. ಕೈ ಚಲಿಸಲು ಹಿಡಿಯುವ ಹೊತ್ತು ಕಾಲು ಚಲಿಸಲು ಹಿಡಿಯುವ ಹೊತ್ತಿಗಿಂತ ಕಡಿಮೆ; ಎದುರಾಳಿ ಕಾಲೆತ್ತುವಷ್ಟರಲ್ಲಿ ಇತ್ತ ಕೈ ತನ್ನ ಕೆಲಸ ಮುಗಿಸಿರುತ್ತದೆ. ಕರ್ನಾಟಕದ ಗರಡಿಗಳ ದೊಣ್ಣೆವರಸೆಯಲ್ಲಿಯೂ ಕಣ್ಣು ಸೆಳೆಯುವುದು ಕೋಲಿನ ತಿರುಗಾಟವಾದರೂ ಅದನ್ನು ಹೊತ್ತು ನಡೆಸುವುದು ಹೆಜ್ಜೆಯೇ. ಕೋಲು ಎಷ್ಟು ವೇಗವಾಗಿ ತಿರುಗಿದರೂ ಹೆಜ್ಜೆ ತಪ್ಪಿದವನ ವರಸೆ ನಿಲ್ಲುವುದಿಲ್ಲ. ಈ ನಾಡಿನ ವೀರಗಲ್ಲುಗಳ ಕೆಳಗಿನ ಪಟ್ಟಿಕೆಗಳಲ್ಲಿ ಈಟಿ ಹಿಡಿದ ವೀರರನ್ನು ಕೆತ್ತಿದ ಶಿಲ್ಪಿಗಳು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಊರಿದ ಭಂಗಿಯನ್ನು ಮತ್ತೆ ಮತ್ತೆ ತೋರಿಸಿದ್ದಾರೆ. ಆಟದ ಪರದೆಯ ಮುಂದೆ ಕೂತವರೂ ಕಲಿಯಬೇಕಾದ ಮೊದಲ ಪಾಠ ಅದೇ.

ಅಭ್ಯಾಸದ ಆರಂಭ ಹೊಡೆಯುವುದರಿಂದಲ್ಲ, ಹಿಂದೆ ಸರಿಯುವುದರಿಂದ. ಕತ್ತಿ ಗುರಾಣಿ ಹಿಡಿದವನೊಬ್ಬ ಎದುರಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಹ್ಯಾಲ್ಬರ್ಡಿನವನು ಅವನ ಕತ್ತಿಯ ತುದಿ ತಲುಪಬಲ್ಲ ಗೆರೆಯ ಆಚೆ ನಿಲ್ಲುತ್ತಾನೆ. ಕತ್ತಿಯವನು ಆಸೆಗೆ ಬಿದ್ದು ಬೀಸುತ್ತಾನೆ. ಆ ಬೀಸು ಶುರುವಾದೊಡನೆ ಇವನು ಅರ್ಧ ಹೆಜ್ಜೆ ಹಿಂದಕ್ಕೆ ಸರಿಯುತ್ತಾನೆ. ಅರ್ಧ ಹೆಜ್ಜೆಗಿಂತ ಹೆಚ್ಚು ಸರಿದರೆ ತನ್ನ ಏಟೂ ತಲುಪದು. ಕತ್ತಿ ಎದೆಯ ಮುಂದೆ ಗಾಳಿ ಸೀಳಿ ಹೋಗುತ್ತದೆ. ಹ್ಯಾಲ್ಬರ್ಡು ಮೇಲೇಳುವುದು ಕತ್ತಿ ಹಾದುಹೋದ ಮೇಲಲ್ಲ, ಹಾದುಹೋಗುತ್ತಿರುವಾಗಲೇ. ಕತ್ತಿಯವನು ಗುರಾಣಿಯನ್ನು ಮತ್ತೆ ಎತ್ತುವ ಮುನ್ನವೇ ಮೇಲೇಟು ಅವನ ಹೆಗಲಿಗೆ ಬೀಳುತ್ತದೆ. ಇದಿಷ್ಟೂ ಒಂದು ಉಸಿರಿನ ಹೊತ್ತಿನಲ್ಲಿ ಮುಗಿಯುತ್ತದೆ. ಈ ಆಟದಲ್ಲಿ ಇದಕ್ಕಿಂತ ಹಿತವಾದ ಗಳಿಗೆ ಇನ್ನೊಂದಿಲ್ಲ. ತಪ್ಪು ಮಾಡುವಂತೆ ಎದುರಾಳಿಯನ್ನು ಕರೆದು, ಆ ತಪ್ಪಿಗೆ ಉತ್ತರವನ್ನು ಮೊದಲೇ ಸಿದ್ಧಮಾಡಿ ಇಟ್ಟುಕೊಳ್ಳುವುದರಲ್ಲಿ ಚದುರಂಗದ ಸೊಗಸೂ ಇದೆ, ಕುಸ್ತಿಯ ಸೊಗಸೂ ಇದೆ.

ಹೆಜ್ಜೆ ಒಂದು ಹದಕ್ಕೆ ಬಂದ ಮೇಲೆ ಮೌಸಿನ ಕೆಲಸ. ದೋಟಿ ಹಿಡಿದು ಹುಣಸೆಕಾಯಿ ಕಿತ್ತವರಿಗೆ ಗೊತ್ತು, ಕೈ ಇಂಚು ಸರಿದರೆ ತುದಿ ಅಡಿ ಸರಿಯುತ್ತದೆ. ಬೀಸುವಾಗ ಯೋಧನ ಮೈಯನ್ನು ಏಟಿನ ದಿಕ್ಕಿಗೇ ತಿರುಗಿಸಿದರೆ ತುದಿ ಬೇಗ ತಲುಪುತ್ತದೆ, ವಿರುದ್ಧ ದಿಕ್ಕಿಗೆ ತಿರುಗಿಸಿದರೆ ತಡವಾಗಿ ತಲುಪುತ್ತದೆ. ಒಂದೇ ಅಡ್ಡೇಟು ಎರಡು ಬೇರೆ ಹೊತ್ತಿಗೆ ಬೀಳಬಲ್ಲದು ಎಂದಾದಾಗ ತಡೆಯುವವನಿಗೆ ಯಾವಾಗ ತಡೆಯಬೇಕೆಂಬುದೇ ತಿಳಿಯದು. ಏಟು ಎತ್ತಿ ಅಲ್ಲೇ ನಿಲ್ಲಿಸುವ ಹುಸಿ ಏಟೂ ಉಂಟು. ಅದನ್ನು ಮಿತವಾಗಿ ಬಳಸುವವರೇ ಹೆಚ್ಚು ಗೆಲ್ಲುತ್ತಾರೆ. ಪದೇ ಪದೇ ಹುಸಿ ತೋರಿಸುವವನ ದಮ್ಮು ಮುಗಿಯುತ್ತದೆ, ಅವನನ್ನು ಯಾರೂ ನಂಬುವುದೂ ಇಲ್ಲ.

ಎದುರಾಳಿ ಒಳನುಗ್ಗಿಯೇ ಬಿಟ್ಟರೆ ಒದೆಯೇ ಮೊದಲ ಉಪಾಯ. ತಡೆ ಹಿಡಿದು ನಿಂತವನನ್ನು ಒದೆ ಕದಲಿಸುತ್ತದೆ, ಕಳೆದುಹೋದ ಅಂತರವನ್ನು ಮರಳಿ ಕೊಡುತ್ತದೆ. ಅದೂ ಆಗದಿದ್ದರೆ ಉದ್ದ ಆಯುಧವನ್ನು ಬಿಟ್ಟು ಸೊಂಟದ ಗಿಡ್ಡ ಕತ್ತಿಗೆ ಕೈ ಹಾಕಬೇಕು. ಅದರಲ್ಲಿ ನಾಚಿಕೆಯೇನಿಲ್ಲ.

ಒಬ್ಬರಿಗೊಬ್ಬರ ಕಾದಾಟ ಬೇರೆ, ಗುಂಪಿನ ಕಾಳಗ ಬೇರೆ. ಈ ಆಟದ ದೊಡ್ಡ ಮೈದಾನಗಳಲ್ಲಿ 64 ಮಂದಿಯವರೆಗೂ ಒಟ್ಟಿಗೆ ಆಡುತ್ತಾರೆ. ಅಲ್ಲಿ ಅಡ್ಡೇಟು ಬೀಸುವ ಉದ್ದ ಆಯುಧ ವೈರಿಗಿಂತ ಮೊದಲು ಪಕ್ಕದ ಗೆಳೆಯನ ಬೆನ್ನಿಗೆ ತಗಲುವ ಸಂಭವವಿದೆ. ಸ್ವಂತ ಬಣದವರಿಗೆ ಬಿದ್ದ ಏಟಿಗೂ ಗಾಯ ಉಂಟು. ಆದ್ದರಿಂದ ಗುಂಪಿನಲ್ಲಿ ತಿವಿತ, ಮೇಲೇಟುಗಳೇ ಸರಿ. ಗುರಾಣಿ ಹಿಡಿದ ಜೊತೆಗಾರನ ಹಿಂದೆ ಅರ್ಧ ಹೆಜ್ಜೆ ಬಿಟ್ಟು ನಿಂತು ಅವನ ಹೆಗಲ ಮೇಲಿಂದ ತಿವಿಯುವ ಈಟಿಗಾರನಷ್ಟು ಉಪಕಾರಿ ಇನ್ನೊಬ್ಬನಿಲ್ಲ. ಇವನ ಹೆಸರು ಅಂಕಪಟ್ಟಿಯಲ್ಲಿ ಮೇಲೆ ಬಾರದೇ ಹೋಗಬಹುದು. ಆದರೂ ಸಾಲು ಮುರಿಯದೆ ನಿಲ್ಲುವುದು ಇವನಿಂದಲೇ. ಓಡಿ ಬಂದು ಹಾರಿ ಹೊಡೆಯುವ ವ್ಯಾನ್‌ಗಾರ್ಡಿನ ವಿಶೇಷ ಏಟಿನ ಮೋಹ ಮಾತ್ರ ಬಹಳ ಮಂದಿಯನ್ನು ಕೆಡಿಸಿದೆ. ಬೇರೊಬ್ಬರ ಜೊತೆ ತೊಡಗಿರುವವನ ಮೇಲೆ ಅದು ಸಿಡಿಲಿನಂತೆ ಬೀಳುತ್ತದೆ. ಎದುರಿಗೇ ನೋಡುತ್ತ ನಿಂತವನ ಮೇಲೆ ಪ್ರಯೋಗಿಸಿದರೆ ಹಾರಿದವನೇ ಬೀಳುತ್ತಾನೆ.

ನೆಲವನ್ನು ಓದುವುದೂ ಈ ವಿದ್ಯೆಯ ಭಾಗ. ಇಕ್ಕಟ್ಟಾದ ಓಣಿ, ಕೋಟೆಯ ಮೆಟ್ಟಿಲುಗಳಲ್ಲಿ ಅಡ್ಡೇಟು ಗೋಡೆಗೆ ಬಡಿಯುತ್ತದೆ, ತಿವಿತಕ್ಕೆ ಮಾತ್ರ ದಾರಿ. ಎತ್ತರದಲ್ಲಿ ನಿಂತವನಿಗೆ ಅಂತರ ಪುಕ್ಕಟೆಯಾಗಿ ಸಿಗುತ್ತದೆ. ಯಾದಗಿರಿ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1705ರಲ್ಲಿ ಔರಂಗಜೇಬ ತಾನೇ ದೊಡ್ಡ ಸೈನ್ಯದೊಂದಿಗೆ ಬಂದು ಸುರಪುರದ ಬಳಿಯ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಫೆಬ್ರವರಿಯಿಂದ ಏಪ್ರಿಲ್‌ವರೆಗೂ ಪಿಡ್ಡನಾಯಕನ ಬೇಡರ ಪಡೆ ಗುಡ್ಡಗಳನ್ನು ಬೆನ್ನಿಗಿಟ್ಟುಕೊಂಡು ಬಂದೂಕಿನ ಗುರಿಯಿಂದ ಆ ಸೈನ್ಯವನ್ನು ದೂರವೇ ನಿಲ್ಲಿಸಿತು. ಕೊನೆಗೆ ಕೋಟೆ ಕೈಗೆ ಬಂದರೂ ನಾಯಕ ಸಿಗಲಿಲ್ಲ. ಬಂದೂಕಿನ ಕಾಳಗಕ್ಕೂ ಭರ್ಚಿಯ ಆಟಕ್ಕೂ ಸಲಕರಣೆ ಬೇರೆ ಇರಬಹುದು. ವೈರಿಗೆ ಬೇಕಾದ ಅಂತರವನ್ನು ಅವನಿಗೆ ಕೊಡಬಾರದೆಂಬ ಲೆಕ್ಕ ಎರಡರಲ್ಲೂ ಒಂದೇ.

ಕೊಂಕಲ್, ಶಹಾಪುರ, ಸುರಪುರದಂಥ ಊರುಗಳಿಂದ ಆಡುವವರಿಗೆ ಇನ್ನೊಂದು ತೊಡಕಿದೆ, ಪಿಂಗ್ ಎನ್ನುವ ವಿಳಂಬ. ಆಟದ ಸರ್ವರ್ ದೂರದೇಶದಲ್ಲಿದ್ದರೆ ಪರದೆಯ ಮೇಲೆ ಕಾಣುವ ಎದುರಾಳಿ ನಿಜಕ್ಕೂ ಒಂದಿಷ್ಟು ಮುಂದಕ್ಕೆ ಬಂದಿರುತ್ತಾನೆ. 150 ಮಿಲಿಸೆಕೆಂಡಿನ ವಿಳಂಬವೆಂದರೆ ಸೆಕೆಂಡಿನ ಸುಮಾರು ಏಳನೇ ಒಂದು ಭಾಗ. ಗಿಡ್ಡ ಆಯುಧದ ಜಗಳದಲ್ಲಿ ಅಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಉದ್ದ ಆಯುಧದವನು ನಾಲ್ಕು ಬೆರಳು ಹೆಚ್ಚು ದೂರ ಕಾಯ್ದುಕೊಂಡು, ಕಂಡ ಏಟಿಗಿಂತ ಬರಲಿರುವ ಏಟನ್ನು ಊಹಿಸಿ ನಡೆದರೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಒಳ್ಳೆಯ ಇಂಟರ್‌ನೆಟ್ ಇಲ್ಲದ ಊರಿನ ಆಟಗಾರರಿಗೆ ಈ ವರ್ಗ ಒಪ್ಪುವುದು ಇದೇ ಕಾರಣಕ್ಕೆ.

ಹೊಸದಾಗಿ ಕಲಿಯುವವರು ಈಟಿಯಿಂದ ಆರಂಭಿಸಬಾರದು. ಈಟಿಯ ತಿವಿತ ಸಾಗುವುದು ತೆಳ್ಳನೆಯ ಗೆರೆಯಲ್ಲಿ, ಗುರಿ ಸ್ವಲ್ಪ ತಪ್ಪಿದರೂ ಏಟು ವ್ಯರ್ಥ. ಮೊದಲು ಹ್ಯಾಲ್ಬರ್ಡ್ ಹಿಡಿದು ಅಡ್ಡೇಟು, ಮೇಲೇಟು, ತಿವಿತ ಈ ಮೂರೂ ಬಗೆಯ ಏಟು ಕಲಿಯಲಿ. ಗುಂಪಿನ ಗದ್ದಲಕ್ಕೆ ಇಳಿಯುವ ಮುನ್ನ ಇಬ್ಬರೇ ಆಡುವ ಮೈದಾನದಲ್ಲಿ ಕೆಲಕಾಲ ಕಳೆಯಲಿ. ಅಲ್ಲಿಯೂ ಗೆಲುವನ್ನು ಎಣಿಸದೆ, ಎದುರಾಳಿಯ ಎಷ್ಟು ಏಟು ಗಾಳಿಗೆ ಹೋದವು ಎಂಬುದನ್ನು ಎಣಿಸಲಿ.