ಲಿಂಕಿನೊಳಗಿಟ್ಟ ಪಾಸ್‌ವರ್ಡ್

ಪತ್ರಿಕೆಯ ಪುಟಗಳನ್ನು ಕಡತ ಸಾಗಿಸುವ ಎಫ್‌ಟಿಪಿ ಸರ್ವರ್ ಮೂಲಕ ಮುದ್ರಣಾಲಯಕ್ಕೆ ಕಳಿಸುತ್ತಿದ್ದ ಕಾಲದಲ್ಲಿ, ಎಲ್ಲರಿಗೂ ಲಿಂಕ್ ಮಾಡಿಕೊಡುವ ಕೆಲಸ ನನ್ನದಾಗಿತ್ತು. ಯಾರೂ ವಹಿಸಿದ್ದಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು. ಬರೀ ವಿಳಾಸವಲ್ಲ. ಬಳಕೆದಾರರ ಹೆಸರು, ಒಂದು ಕೋಲನ್, ಪಾಸ್‌ವರ್ಡ್, @ ಚಿಹ್ನೆ, ಆಮೇಲೆ ಸರ್ವರಿನ ಹೆಸರು, ಎಲ್ಲ ಒಂದೇ ಸಾಲಿನಲ್ಲಿ. ಒತ್ತಿದರೆ ಸಾಕು, ಫೋಲ್ಡರ್ ತೆರೆಯುತ್ತಿತ್ತು.

ಕರಡು ತಿದ್ದುವ ಹಿರಿಯರಿಗೆ ತೊಂದರೆಯಾಗಬಾರದು ಅಂತ ಹಾಗೆ ಮಾಡುತ್ತಿದ್ದೆ ಎಂದೇ ನಂಬಿಕೊಂಡು ಬಂದೆ. ಪೂರ್ತಿ ಸುಳ್ಳಲ್ಲ. ಪಾಸ್‌ವರ್ಡ್ ಟೈಪ್ ಮಾಡುವಾಗ ಅಕ್ಷರದ ಬದಲು ಮೂಡುವ ಚುಕ್ಕಿಗಳನ್ನು ನೋಡಿ ಅವರಲ್ಲಿ ಕೆಲವರು ನಿಜಕ್ಕೂ ಕಂಗಾಲಾಗುತ್ತಿದ್ದರು. ಆದರೆ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದರೆ ಕಲಿಯುತ್ತಿದ್ದರು. ನಾನು ಕೂರಲಿಲ್ಲ. ಪುರಸೊತ್ತು ಇರಲಿಲ್ಲವೆಂದಲ್ಲ, ಕಲಿತುಬಿಟ್ಟರೆ ನನ್ನನ್ನು ಕೇಳುವುದು ನಿಂತುಹೋಗುತ್ತದೆ ಅನ್ನುವುದು ಒಳಗೆಲ್ಲೋ ಇತ್ತೇನೋ. ಇಲ್ಲ, ಇತ್ತು.

ಒಂದೊಂದು ಬ್ರೌಸರಿನದೂ ಒಂದೊಂದು ರೀತಿ. ಫೈರ್‌ಫಾಕ್ಸ್, ಕ್ರೋಮ್ ಕಡತಗಳ ಪಟ್ಟಿಯನ್ನಷ್ಟೇ ತೋರಿಸುತ್ತಿದ್ದವು. ಸಫಾರಿ ಲಿಂಕನ್ನು ಮ್ಯಾಕಿನ ಫೈಂಡರಿಗೆ ದಾಟಿಸುತ್ತಿತ್ತು. ಪಾಸ್‌ವರ್ಡಿನಲ್ಲಿ # ಇದ್ದರಂತೂ ವಿಳಾಸ ಅಲ್ಲಿಗೇ ತುಂಡಾಗುತ್ತಿತ್ತು. ಅದರ ಜಾಗದಲ್ಲಿ %23 ಬರೆಯಬೇಕು. "ಲಿಂಕ್ ತೆರೀತಿಲ್ಲ ಮಾರಾಯ" ಅಂತ ಫೋನ್ ಬಂದು, ಅದೊಂದನ್ನು ಬದಲಿಸಿ ಕಳಿಸಿ, ಅತ್ತಲಿಂದ "ಹಾಂ, ಬಂತು ಬಂತು" ಅಂದಾಗ ಆಗುತ್ತಿದ್ದ ಸಂತೋಷ ಸಣ್ಣದಲ್ಲ.

ಅಪಾಯ ಗೊತ್ತಿರಲಿಲ್ಲವೆ? ಗೊತ್ತಿತ್ತು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಸಾಗುತ್ತದೆ. ಅದರ ಮೊದಲ ರೂಪವನ್ನು 1971ರಲ್ಲಿ ಬರೆದವರು ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. ಆಗ ಕಂಪ್ಯೂಟರ್ ಜಾಲದಲ್ಲಿದ್ದದ್ದೇ ಕೆಲವು ಸಂಸ್ಥೆಗಳು. ಅಂಥ ಏರ್ಪಾಟಿಗೆ ಆ ಕಾಲದ ಕಾರಣವಿತ್ತು. ನನಗೆ ಯಾವ ಕಾರಣವೂ ಇರಲಿಲ್ಲ. ವಿಳಾಸದೊಳಗೆ ಪಾಸ್‌ವರ್ಡ್ ಬರೆಯುವ ರೂಢಿ ಬಿಡಬೇಕೆಂದು 2005ರ ಆರ್‌ಎಫ್‌ಸಿ 3986 ಎಂಬ ಅಂತರ್ಜಾಲ ಮಾನದಂಡ ಹೇಳಿದ್ದನ್ನು ಓದಿಯೂ ಇದ್ದೆ. ನಾನು ಕಳಿಸಿದ ಲಿಂಕ್ ಮೇಲ್‌ಗಳಲ್ಲಿ, ಅವು ಫಾರ್ವರ್ಡ್ ಆದ ಕಡೆಯೆಲ್ಲ, ಯಾರದೋ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ ಉಳಿಯುತ್ತದೆಂದೂ ಗೊತ್ತಿತ್ತು. ಅಷ್ಟಕ್ಕೂ ಆ ಪಾಸ್‌ವರ್ಡ್ ನನ್ನದಲ್ಲ, ಮುದ್ರಣಾಲಯದ್ದು. ಇನ್ನೊಬ್ಬರ ಗುಟ್ಟನ್ನು ಹಂಚಿ ನಾನು ಉಪಕಾರಿ ಅನ್ನಿಸಿಕೊಂಡೆ. ಇದನ್ನು ಬರೆಯುವಾಗಲೂ, ಏನೂ ಅನಾಹುತವಾಗಲಿಲ್ಲವಲ್ಲ ಎಂದು ಸೇರಿಸಬೇಕು ಅನ್ನಿಸುತ್ತಿದೆ. ಆಗಲಿಲ್ಲ ಅಂತ ನನಗೆ ಹೇಗೆ ಗೊತ್ತು?

2021ರಲ್ಲಿ ಫೈರ್‌ಫಾಕ್ಸ್, ಕ್ರೋಮ್ ಎರಡೂ ಎಫ್‌ಟಿಪಿಯನ್ನು ಕಿತ್ತುಹಾಕಿದಾಗ ಸಿಟ್ಟು ಬಂತು. ವಯಸ್ಸಾದವರ ಬಗ್ಗೆ ಇವರಿಗೆ ಕಾಳಜಿಯೇ ಇಲ್ಲ ಅಂತ ಕಚೇರಿಯಲ್ಲಿ ಜೋರಾಗಿಯೇ ಹೇಳಿದೆ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಆ ಹಿರಿಯರೆಲ್ಲರಿಗೂ ಫೈಲ್‌ಜಿಲ್ಲಾ ಎಂಬ ಎಫ್‌ಟಿಪಿ ತಂತ್ರಾಂಶ ಹಾಕಿಕೊಟ್ಟು, ತಾಳ್ಮೆಯಿಂದ ಹೇಳಿಕೊಟ್ಟಳು. ಕಲಿತರು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಸಿಟ್ಟು ಯಾರ ಪರವಾಗಿ ಬಂದದ್ದು ಎಂಬ ಅನುಮಾನ ಶುರುವಾದದ್ದು ಅಲ್ಲಿಂದ.

ಈಗ ಗೂಗಲ್ ಡ್ರೈವ್. ಯಾರು ನೋಡಬೇಕೋ ಅವರ ಹೆಸರುಗಳನ್ನಷ್ಟೇ ಸೇರಿಸಬಹುದು, ಒಮ್ಮೊಮ್ಮೆ ಸೇರಿಸುತ್ತೇನೆ. ಹೆಚ್ಚಿನ ಸಲ, ಲಿಂಕ್ ಇದ್ದವರೆಲ್ಲ ತೆರೆಯಬಹುದು ಎಂಬುದನ್ನೇ ಆರಿಸಿಬಿಡುತ್ತೇನೆ, ಅನುಮತಿ ಕೇಳಿ ಯಾರೂ ಕಾಯಬಾರದು ಅಂತ. ನಿನ್ನೆಯೂ ಹಾಗೇ ಕಳಿಸಿದೆ. ಹಿರಿಯರೊಬ್ಬರು ಫೋನ್ ಮಾಡಿ, ನೀವು ಕಳಿಸಿದ್ದಾದರೆ ತಕ್ಷಣ ತೆರೆಯುತ್ತೆ ನೋಡಿ ಅಂದರು. ಕೇಳಲು ಹಿತವಾಗಿತ್ತು.